ಮಕ್ಕಳು ಬೇಡುವ ‘ಸ್ಲೈಮ್’

ತಂದೆತಾಯಂದಿರೇ, ಮಕ್ಕಳು ಸ್ಲೈಮ್ ಬೇಕೆಂದು ಹಟ ಹಿಡಿದಾಗ ಕೆಲವರು ಅಂಟಿಗೆ ಬಿಳಿಗಾರ ಬೆರೆಸಿ ಕೊಡುತ್ತಾರೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯೂ ಅದೇ ಬಳಗದ್ದು. ನುಂಗಿದರೆ ಎರಡೂ ಅಪಾಯ. ಆಡುವ ಮಗುವಿನ ಕೈ ಬಾಯಿಗೆ ಹೋಗದೆ ಇರುವುದುಂಟೇ?

ಬದಲಿಗೆ, ಸೂಪಿಗೆ ಹಾಕುವ ಕಾರ್ನ್‌ಫ್ಲೋರ್ (ರೊಟ್ಟಿಯ ಜೋಳದ ಹಿಟ್ಟಲ್ಲ) 2 ಬಟ್ಟಲು ತೆಗೆದುಕೊಂಡು, ಸುಮಾರು 1 ಬಟ್ಟಲು ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕಲಸಿರಿ. ಬೆರಳನ್ನು ಮೆಲ್ಲಗೆ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಗಟ್ಟಿ! ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ರಭಸದಿಂದ ಒತ್ತಿದಾಗ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಮಗು ‘ಏಕೆ?’ ಎಂದರೆ ಉತ್ತರವನ್ನು ತಕ್ಷಣ ಹೇಳಿಬಿಡಬೇಡಿರಿ; ಇನ್ನೊಮ್ಮೆ ಗುದ್ದಿ ನೋಡಲಿ.

ಇದೂ ತಿನ್ನುವ ವಸ್ತುವಲ್ಲ. ಆಟ ಮುಗಿದ ಮೇಲೆ ಕೈ ತೊಳೆಸಿರಿ. ಉಳಿದದ್ದನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಸದ ಬುಟ್ಟಿಗೆ ಹಾಕಿರಿ.