ಅಗ್ಗದ ಗುಂಟೆಯ ಅಸಲಿ ರೇಟು

ಹುಬ್ಬಳ್ಳಿಯಿಂದ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ ಯಾವ ದಾರಿ ಹಿಡಿದರೂ ಹೊಲಗಳ ನಡುವೆ ಸುಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ನಿನ್ನೆ ಮೊನ್ನೆಯವರೆಗೆ ಹತ್ತಿ, ಕಡಲೆ ಬೆಳೆದ ಎರೆ ಹೊಲಕ್ಕೆ ಈಗ ‘ಗುಂಟಾ ಪ್ಲಾಟ್’ ಎಂಬ ಬೋರ್ಡು, ಅದರ ಕೆಳಗೊಂದು ಮೊಬೈಲ್ ನಂಬರು. ಕೂಲಿಯವರು, ಡ್ರೈವರುಗಳು, ಅಂಗಡಿಯಲ್ಲಿ ದುಡಿಯುವ ಹುಡುಗರು, ನಿವೃತ್ತಿಯ ಹಣ ಕೈಗೆ ಬಂದ ಮಾಸ್ತರರು ಇದಕ್ಕೆ ದುಡ್ಡು ಹಾಕುತ್ತಿದ್ದಾರೆ. ಅವರಿಗಾಗಿ ಈ ವಾರದ ಲೆಕ್ಕ.

ಕುಂದಗೋಳ ತಾಲ್ಲೂಕಿನಲ್ಲಿ ಇಂಥದ್ದೇ ಎರಡು ಗುಂಟೆಗೆ ನಾನು 50,000 ರೂಪಾಯಿ ಸಂಚಕಾರ ಕೊಟ್ಟಿದ್ದೆ, ಆಮೇಲೆ ಆ ಹಣವನ್ನು ಅಲ್ಲಿಯೇ ಬಿಟ್ಟು ಬಂದೆ. ಮನೆಯಲ್ಲಿ ಬೇಸರ ಮಾಡಿಕೊಂಡರು. ಅವತ್ತು ನಾನು ಮಾಡಿದ್ದು ಸರಿ ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ.

ಏಜೆಂಟರ ಮಾತು ಸರಳವಾಗಿತ್ತು. “ಸರ್, ಕಾನೂನ ಈಗ ಬದಲಾಗೇತ್ರಿ. ಒಕ್ಕಲಿಗರಲ್ಲದವರೂ ಹೊಲಾ ತಗೋಬಹುದು. ಆಮ್ಯಾಲೆ ಎನ್‌ಎ ಮಾಡಿಸಿ ಕೊಡ್ತೀವ್ರಿ.” ಮೊದಲ ಅರ್ಧ ನಿಜ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಕೊಂಡದ್ದು ಹೊಲವಾಗಿಯೇ ಉಳಿಯುತ್ತದೆ. ಅದರಲ್ಲಿ ಮನೆ ಕಟ್ಟಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಬಿನ್‌ಶೇತ್ಕಿ (ಎನ್‌ಎ) ಆದೇಶ ಬೇಕು, ಪ್ಲಾಟು ಬೀಳಿಸಬೇಕಾದರೆ ವಿನ್ಯಾಸಕ್ಕೆ ಒಪ್ಪಿಗೆ ಬೇಕು. 2020ರ ತಿದ್ದುಪಡಿ ಇವೆರಡನ್ನೂ ಮುಟ್ಟಿಲ್ಲ.

ನಾನು 11ಇ ನಕ್ಷೆ ಕೇಳಿದೆ. ಸರ್ವೆ ನಂಬರಿನ ಒಂದು ತುಂಡನ್ನು ಖರೇದಿ ಹಾಕಬೇಕಾದರೆ ಆ ನಕ್ಷೆ ಬೇಕೇ ಬೇಕು. ಅದು ಇರಲಿಲ್ಲ. “ಸದ್ಯ ಬಾಂಡ್ ಪೇಪರ್ ಮ್ಯಾಲೆ ಬರಕೊಳ್ಳೋಣ್ರಿ, ಇಲ್ಲಂದ್ರ ಹತ್ತು ಮಂದಿ ಹೆಸರು ಒಂದ ಉತಾರದಾಗ ಜಂಟಿ ಏರಸೋಣು” ಎಂದರು. ಮುಂದೆ ಉತಾರ (ಪಹಣಿ) ನೋಡಿದರೆ ಇಬ್ಬರು ಅಣ್ಣತಮ್ಮಂದಿರ ಹೆಸರು. ಹಕ್ಕು ಬದಲಾವಣೆಯ ದಾಖಲೆಯಾದ ಡೈರಿ ತೆಗೆಸಿದೆ. ತಂದೆ ತೀರಿಕೊಂಡ ಮೇಲೆ ಗಂಡುಮಕ್ಕಳ ಹೆಸರಿಗಷ್ಟೇ ವಾರಸಾ ಆಗಿತ್ತು. ಊರಲ್ಲಿ ವಿಚಾರಿಸಿದಾಗ ಮೂವರು ಹೆಣ್ಣುಮಕ್ಕಳಿದ್ದಾರೆ ಎಂದು ತಿಳಿಯಿತು. “ಅವರನ್ನ ಮದುವಿ ಮಾಡಿ ಕೊಟ್ಟಾರ್ರಿ, ಅವರದೇನ್ ಸಂಬಂಧ ಇಲ್ಲ” ಎಂಬ ಉತ್ತರ ಬಂತು.

ಸಂಬಂಧ ಇದೆ. ಕರ್ನಾಟಕವೇ 1994ರಲ್ಲಿ, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿನ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಮದುವೆಯಾದವರು, ಆಗದವರು ಎನ್ನದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ತಕರಾರನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕೆಂದೇನೂ ಇಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ವಾಟ್ನಿ (ಪಾಲು ವಿಭಾಗ), ಮಾರಾಟಗಳಿಗೆ ಮಾತ್ರ ಇದು ತಟ್ಟುವುದಿಲ್ಲ. ಆ ಮೂವರಲ್ಲಿ ಒಬ್ಬರು ವಾಟ್ನಿ ದಾವೆ ಹಾಕಿದರೂ ಸಾಕು, ನಾನು ಕೊಂಡ ಗುಂಟೆ ಯಾರ ಪಾಲಿಗೆ ಬೀಳುತ್ತದೆಂದು ಕೋರ್ಟು ಹೇಳುವವರೆಗೆ ಕಾಯಬೇಕು. ಹೆಣ್ಣುಮಕ್ಕಳ ಸಹಿ ತನ್ನಿ, ಬಾಕಿ ಹಣ ಅವತ್ತೇ ಕೊಡುತ್ತೇನೆ ಎಂದೆ. ಸಹಿ ಬರಲಿಲ್ಲ, ಕರಾರಿನ ವಾಯಿದೆ ಮುಗಿಯಿತು. ಕಾನೂನಿಗಿಂತ ಮೊದಲು ನನಗೆ ತೋಚಿದ್ದು ಬೇರೆ: ಆ ಅಕ್ಕತಂಗಿಯರ ಪಾಲನ್ನು ಅವರನ್ನು ಒಂದು ಮಾತೂ ಕೇಳದೆ ನಾನು ಕೊಳ್ಳುವುದು ನ್ಯಾಯವಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಗುಂಟೆಗೆ 2.25 ಲಕ್ಷದಂತೆ ಎರಡು ಗುಂಟೆಗೆ 4.5 ಲಕ್ಷ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಎರಡಕ್ಕೆ 2,178. ಚದರ ಅಡಿಗೆ 207 ರೂಪಾಯಿ ಬಿತ್ತು. ಅದೇ ರಸ್ತೆಯಲ್ಲಿ ಎನ್‌ಎ ಆದ, ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕ 30×40 ಪ್ಲಾಟಿಗೆ 9 ಲಕ್ಷ ಹೇಳಿದ್ದರು, ಚದರ ಅಡಿಗೆ 750. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಎರಡು ಗುಂಟೆ ಅಕ್ಕಪಕ್ಕ ಇದ್ದರೆ ಮುಂಭಾಗ 66 ಅಡಿ, ಒಳಗೆ 33 ಅಡಿ. ಎಕರೆಯ 40 ಗುಂಟೆಯನ್ನೂ ಮಾರಿದವರು ರಸ್ತೆಗೆ ಏನನ್ನೂ ಬಿಟ್ಟಿರುವುದಿಲ್ಲ, ರಸ್ತೆ ನಮ್ಮ ಗುಂಟೆಯಿಂದಲೇ ಹೋಗಬೇಕು. 30 ಅಡಿ ರಸ್ತೆಗೆ ಎದುರಿನವರು 15 ಅಡಿ, ನಾವು 15 ಅಡಿ ಬಿಟ್ಟರೆ 66×15, ಅಂದರೆ 990 ಚದರ ಅಡಿ ಹೋಯಿತು. ಉಳಿದದ್ದು 1,188. ಎರಡು ಗುಂಟೆ ಕೊಂಡೆ ಎಂದವರ ಕೈಗೆ ಸಿಗುವುದು ಒಂದು 30×40 ಪ್ಲಾಟಿಗಿಂತ ತುಸು ಕಡಿಮೆ ಜಾಗ. ರೇಟು ಆಗಲೇ 379ಕ್ಕೆ ಏರಿತು. ಗಟಾರ, ಲೈಟಿನ ಕಂಬ, ಕುಡಿಯುವ ನೀರು ಇದರಲ್ಲಿ ಸೇರಿಲ್ಲ.

ಎನ್‌ಎ ಪ್ಲಾಟಿಗೂ ಪೂರ್ತಿ ಖರ್ಚು ಹಾಕೋಣ. ಹಳ್ಳಿಯ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ 5, ಸೆಸ್ಸು ಸರ್‌ಚಾರ್ಜು ಸೇರಿ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 7.65, ಅಂದರೆ 68,850 ರೂಪಾಯಿ. ಪ್ಲಾಟು ಕೈಗೆ ಬರುವಾಗ 9,68,850. ಗುಂಟೆಗಿಂತ 5,18,850 ಹೆಚ್ಚು. ನಿಜಕ್ಕೂ ದೊಡ್ಡ ಮೊತ್ತ.

ಈಗ ಮನೆ ಕಟ್ಟಲು 10 ಲಕ್ಷ ಸಾಲ ಬೇಕು ಅನ್ನಿ. ಎನ್‌ಎ ಆಗದ ಜಾಗಕ್ಕೆ ಬ್ಯಾಂಕು ಗೃಹಸಾಲ ಕೊಡುವುದಿಲ್ಲ. ಊರಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ ತಂದರೆ ವರ್ಷದ ಬಡ್ಡಿ 2,40,000. ಬ್ಯಾಂಕಿನಲ್ಲಿ ಶೇ 9 ಎಂದುಕೊಂಡರೆ 90,000. ವರ್ಷಕ್ಕೆ ಒಂದೂವರೆ ಲಕ್ಷದ ಅಂತರ. ಪ್ಲಾಟಿಗೆ ಹೆಚ್ಚು ಹಾಕಿದ 5,18,850ಕ್ಕೂ ಶೇ 9ರ ಬಡ್ಡಿ ಹಿಡಿಯಬೇಕು, ಅದು ಸುಮಾರು 46,700. ಅದನ್ನು ಕಳೆದರೂ ಗುಂಟೆಯವನು ವರ್ಷಕ್ಕೆ 1,03,300 ಹೆಚ್ಚು ಕಟ್ಟುತ್ತಾನೆ. ಅಸಲು ಹಾಗೇ ಇದ್ದರೆ ಐದು ವರ್ಷಕ್ಕೆ ಅವನ ಉಳಿತಾಯ ಬಹುತೇಕ ಬಡ್ಡಿಗೆ ಹೋಗಿರುತ್ತದೆ. ಆರನೇ ವರ್ಷದಿಂದ ಅಗ್ಗದ ಪ್ಲಾಟೇ ತುಟ್ಟಿ. ಇಷ್ಟಾದರೂ ಅವನ ಹೆಸರಿಗೆ ಖರೇದಿ ಪತ್ರ ಇಲ್ಲ.

ಬಾಂಡ್ ಪೇಪರು, ಜಿಪಿಎ ಹಿಡಿದುಕೊಂಡು ‘ನಂದೂ ಒಂದ್ ಪ್ಲಾಟ್ ಐತಿ’ ಎನ್ನುವವರನ್ನು ನೋಡಿದರೆ ನನಗೆ ಸಂಕಟ, ಅದನ್ನು ಮಾರಿದವರನ್ನು ನೋಡಿದರೆ ಸಿಟ್ಟು. ಇಂಥ ಕಾಗದಗಳಿಂದ ಮಾಲ್ಕಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ. ಪಂಚಾಯಿತಿಯ ತೆರಿಗೆ ಪಾವತಿಯಿಂದಲೂ ಬರುವುದಿಲ್ಲ. ನಗರ ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗೆ ಮೀರಿದ ಜಾಗದಲ್ಲಿ ಪ್ಲಾಟು ಮಾಡಿ ಮಾರುವವರು ರೇರಾ ನೋಂದಣಿ ಇಲ್ಲದೆ ಜಾಹೀರಾತು ಹಾಕುವಂತಿಲ್ಲ, ಮುಂಗಡ ಹಿಡಿಯುವಂತಿಲ್ಲ. 500 ಚದರ ಮೀಟರ್ ಅಂದರೆ ಐದು ಗುಂಟೆಯೂ ಪೂರ್ತಿ ಆಗುವುದಿಲ್ಲ. ಹಾಗಿದ್ದರೆ ಎಕರೆಗಟ್ಟಲೆ ಕಲ್ಲು ನೆಟ್ಟವರ ಬೋರ್ಡಿನಲ್ಲಿ ರೇರಾ ನಂಬರು ಏಕಿಲ್ಲ ಎಂದು ಕೇಳಿ.

ನಮ್ಮ ಭಾಗದಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ನಡಿಗೆ ನೋಡುತ್ತೇವೆ. ಜಾಗ ಕೊಳ್ಳುವಾಗ ಮಾತ್ರ “ನಾಕ ಮಂದಿ ತಗೊಂಡಾರ, ನಾವೂ ತಗೊಳ್ಳೂಣು” ಎನ್ನುತ್ತೇವೆ. ಹೆಂಡತಿಯ ಬಂಗಾರ ಒತ್ತೆ ಇಟ್ಟು ಸಂಚಕಾರ ಕೊಡುವವರು ಉತಾರ, ಡೈರಿ, ಋಣಭಾರ ಪತ್ರ ತೆಗೆಸಿ ವಕೀಲರಿಗೆ ತೋರಿಸುವ ಸಣ್ಣ ಖರ್ಚಿಗೆ ಹಿಂದೆಮುಂದೆ ನೋಡುತ್ತಾರೆ. ದುಡ್ಡು ಕೊಡುವ ಮೊದಲು ಕಾಗದ ಓದಿಸುವ ರೂಢಿ ಮನೆಯ ಹೆಣ್ಣುಮಕ್ಕಳಿಂದಲೇ ಶುರುವಾಗಲಿ. ಒತ್ತೆ ಹೋಗುವುದು ಅವರ ಬಂಗಾರ, ಉತಾರದಿಂದ ಬಿಟ್ಟುಹೋಗುವುದೂ ಅವರ ಹೆಸರೇ.

ಈಗಾಗಲೇ ಸಂಚಕಾರ ಕೊಟ್ಟು ಕುಳಿತವರಿಗೆ ಒಂದು ಮಾತು. ಕರಾರಿನಂತೆ ಖರೇದಿ ಹಾಕಿಕೊಡಿ ಎಂದು ಕೋರ್ಟಿಗೆ ಹೋಗಲು ಕಾನೂನು ಕೊಟ್ಟಿರುವುದು ಮೂರು ವರ್ಷ. ಕರಾರಿನಲ್ಲಿ ತಾರೀಖು ಬರೆದಿದ್ದರೆ ಆ ತಾರೀಖಿನಿಂದ, ಬರೆದಿಲ್ಲವಾದರೆ ಮಾರುವವರು ಒಲ್ಲೆ ಎಂದದ್ದು ನಿಮಗೆ ಗೊತ್ತಾದ ದಿನದಿಂದ ಎಣಿಕೆ. ‘ಇಂದು ನಾಳೆ’ ಎನ್ನುವವರನ್ನು ನಂಬಿ ಆ ಅವಧಿ ಕಳೆದುಕೊಳ್ಳಬೇಡಿ. ಕಾಗದ ತೆಗೆದುಕೊಂಡು ಈ ವಾರವೇ ವಕೀಲರನ್ನು ಕಾಣಿರಿ.