ಆ 17 ಇಂಚಿನ ರಿಮ್ ಅಂಗಡಿಯಲ್ಲೇ ಇರಲಿ

ಮಸ್ಕತ್

ಪ್ರೀತಿಯ ತಮ್ಮನಿಗೆ,

ಈ ಚಳಿಗಾಲ ಆಟೋಕ್ರಾಸ್‌ಗೆ ಇಳಿಯುತ್ತೇನೆ, ಯಾರಿಸ್‌ಗೆಂದು ವಾದಿ ಕಬೀರ್‌ನಲ್ಲಿ 17 ಇಂಚಿನ ಅಲಾಯ್ ನೋಡಿಟ್ಟಿದ್ದೇನೆ ಎಂದು ಬರೆದಿದ್ದೀಯ. ಇಳಿ, ಖಂಡಿತ ಇಳಿ. ಆ ಅಲಾಯ್ ಮಾತ್ರ ಬೇಡ.

ಆಟೋಕ್ರಾಸ್ ಕೋನ್‌ಗಳ ನಡುವಿನ ಓಟ. ಒಂದು ಸುತ್ತು ಹೆಚ್ಚೂಕಮ್ಮಿ ಒಂದು ನಿಮಿಷ, ಬಹುಪಾಲು ಸೆಕೆಂಡ್ ಗೇರ್‌ನಲ್ಲೇ. ಬ್ರೇಕ್ ಒತ್ತಿ, ತಿರುಗಿ, ಮತ್ತೆ ಚಿಮ್ಮುವ ಚುರುಕು ಬೇಕು. ಭಾರದ ಚಕ್ರ ಮೊದಲು ತಿನ್ನುವುದೇ ಅದನ್ನು.

ಲೆಕ್ಕ ಹಾಕಿ ನೋಡು. ಈಗಿರುವುದು 185/60 ಆರ್15: ಅಗಲ 185 ಮಿ.ಮೀ., ಪಕ್ಕದ ಗೋಡೆ ಅದರ ಶೇ 60, ರಿಮ್ 15 ಇಂಚು. ಒಟ್ಟು ವ್ಯಾಸ 603 ಮಿ.ಮೀ. 205/45 ಆರ್17 ಹಾಕಿದರೆ 616. ಎಳೆತ ಅಷ್ಟು ಮಂದವಾಯಿತು. ಅದೇ 15ರ ರಿಮ್‌ಗೆ 195/55 ಹಾಕು. ವ್ಯಾಸ 596, ಗೋಡೆ ಗಿಡ್ಡ, ಮೈ ಅಗಲ. 195/50 ಇನ್ನೂ ಚುರುಕು ನಿಜ, ಆದರೆ ಅದರ ಲೋಡ್ ಇಂಡೆಕ್ಸ್ ಸಾಮಾನ್ಯವಾಗಿ 82, ಅಂದರೆ ಟೈರ್ ಒಂದಕ್ಕೆ 475 ಕೆ.ಜಿ. ಈಗಿನದು 84, 500 ಕೆ.ಜಿ. ಖರೀಫ್ ಮಳೆಗಾಲ ಬಂತೆಂದರೆ ಮನೆಮಂದಿಯನ್ನೆಲ್ಲ ಅದೇ ಗಾಡಿಯಲ್ಲಿ ತುಂಬಿಕೊಂಡು ಸಾವಿರ ಕಿ.ಮೀ. ದೂರದ ಸಲಾಲಾಕ್ಕೆ ಹೋಗುವವನು ನೀನು. 195/55ಕ್ಕೆ 85 ಸಿಗುತ್ತದೆ, 515 ಕೆ.ಜಿ.

ಈ ಟೈರ್‌ಗೆ ರಿಮ್ಮಿನ ಅಗಲ ಐದೂವರೆಯಿಂದ ಏಳು ಇಂಚು ನಡೆಯುತ್ತದೆ. ರಿಮ್ ಬದಲಿಸಲೇಬೇಕೆಂದರೆ ಆರೂವರೆಯ ಹಗುರ ರಿಮ್ ಹುಡುಕು. ಆಫ್‌ಸೆಟ್ ಕಂಪನಿಯದಕ್ಕೆ ಹತ್ತಿರವಿರಲಿ. ರಾಯಲ್ ಒಮಾನ್ ಪೊಲೀಸರ ಒಪ್ಪಿಗೆಯಿಲ್ಲದೆ ಗಾಡಿ ಮಾರ್ಪಡಿಸುವಂತಿಲ್ಲ. ಮಡ್‌ಗಾರ್ಡ್ ದಾಟಿ ಚಾಚಿದ ಚಕ್ರ ಮುಲ್ಕಿಯಾ (ಗಾಡಿಯ ನೋಂದಣಿ) ನವೀಕರಣಕ್ಕೆ ಹೋದಾಗ ತಲೆನೋವಾದೀತು.

ಅಳತೆಗಿಂತ ರಬ್ಬರ್ ಮುಖ್ಯ. ಟ್ರೆಡ್‌ವೇರ್ (ಸವೆತದ ಸೂಚ್ಯಂಕ) 200ರ ಆಸುಪಾಸಿನದು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಬೇಗ ಸವೆಯುತ್ತದೆ ಕೂಡ. ಗೋಡೆಯ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದು: 2325 ಎಂದಿದ್ದರೆ 2025ರ 23ನೇ ವಾರದ ಸರಕು. ಈ ಬಿಸಿಲಲ್ಲಿ ಬಳಸದೆ ಬಿದ್ದಿದ್ದ ರಬ್ಬರೂ ಗಟ್ಟಿಯಾಗುತ್ತದೆ. ಡಿಸ್ಕೌಂಟ್ ಎಂದು ಹಳೆಯದನ್ನು ತರಬೇಡ.

ಓಡುವ ದಿನ ಒಂದು ಸೀಮೆಸುಣ್ಣ, ಒಂದು ಪ್ರೆಶರ್ ಗೇಜ್ ಜೇಬಿನಲ್ಲಿರಲಿ. ಟೈರಿನ ಭುಜದಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಅಲ್ಲಿಂದ ಅಡ್ಡಲಾಗಿ ಗೆರೆ ಎಳೆದು ಒಂದು ಸುತ್ತು ಓಡಿ ಬಾ. ಸುಣ್ಣ ತ್ರಿಕೋನದವರೆಗೆ ಅಳಿಸಿದ್ದರೆ ಗಾಳಿ ಸರಿ. ಅದನ್ನೂ ದಾಟಿ ಅಳಿಸಿದ್ದರೆ ಗಾಳಿ ಕಡಿಮೆ, ಅಲ್ಲಿಗೆ ತಲುಪದಿದ್ದರೆ ಹೆಚ್ಚು. ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಪ್ರತಿ ಸುತ್ತಿನ ನಂತರ ಅಳೆ. ಡಾಂಬರಿನ ಮೇಲೆ ತೆಳು ಮರಳು ಕೂತಿದ್ದರೆ ಮೊದಲ ಸುತ್ತನ್ನು ನೆಲ ಓದಲು ಬಿಟ್ಟುಕೊಡು.

ದುಡ್ಡು ಕೊಡುವ ಮೊದಲು ಒಮಾನ್ ಆಟೊಮೊಬೈಲ್ ಅಸೋಸಿಯೇಷನ್‌ನಲ್ಲಿ ನಿನ್ನ ವರ್ಗದ ನಿಯಮ ವಿಚಾರಿಸು. ಅಲಾಯ್‌ಗೆ ಎತ್ತಿಟ್ಟ ರಿಯಾಲ್‌ಗಳಲ್ಲಿ ನಾಲ್ಕು ಒಳ್ಳೆಯ ಟೈರ್ ಕೊಂಡು, ಮಿಕ್ಕಿದ್ದನ್ನು ಪ್ರವೇಶ ಶುಲ್ಕಕ್ಕೂ ಪೆಟ್ರೋಲಿಗೂ ಇಟ್ಟುಕೊ. ಮೊದಲ ವರ್ಷ ಟೈಮ್ ಇಳಿಯುವುದು ಹೆಚ್ಚು ಸುತ್ತು ಓಡಿದವನದೇ.

ಇಂತಿ,
ನಿನ್ನ ಅಣ್ಣ