ವಾಲಿ ನಿಂತ ಗಿಡಕ್ಕೆ ಕೊಡಲಿ ಹಾಕುವ ಮುನ್ನ

ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗಾಳಿ ಮೊದಲು ಬರುತ್ತದೆ, ಮಳೆ ಆಮೇಲೆ. ಅರ್ಧ ತಾಸು ಬೀಸಿದರೆ ಸಾಕು, ಬದುವಿನ ಬೇವು, ಹುಣಸೆ, ನೀಲಗಿರಿ ಗಿಡಗಳು ದನದ ಪತ್ರಾಸ್ ಶೆಡ್ಡಿನ ಮೇಲೋ, ಪಂಪ್‌ಸೆಟ್ಟಿನ ಲೈನಿನ ಮೇಲೋ, ದ್ರಾಕ್ಷಿ ಪಡದ ಮೇಲೋ ಒರಗಿಬಿಡುತ್ತವೆ. ಮರುದಿನ ನಸುಕಿನಲ್ಲೇ ಕೊಡಲಿ, ಹಗ್ಗ, ಟ್ರ್ಯಾಕ್ಟರ್ ಸಜ್ಜಾಗುತ್ತವೆ. ಅಷ್ಟು ಅವಸರ ಬೇಡ. ಎರೆ ಮಣ್ಣು ಒಮ್ಮೆ ನೆನೆದರೆ ಬೇರಿನ ಹಿಡಿತ ಸಡಿಲವಾಗುತ್ತದೆ, ರಾತ್ರಿ ವಾಲಿದ ಗಿಡ ಮರುದಿನವೂ ಸದ್ದಿಲ್ಲದೆ ಜಾರುತ್ತಿರುತ್ತದೆ. ಶೆಡ್ಡಿನಿಂದ ದನ ಹೊರಗೆ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಗಿಡವನ್ನು ಸುತ್ತಲಿಂದಲೂ ನೋಡುವುದೇ ಮೊದಲ ಕೆಲಸ.

ನೋಡಬೇಕಾದ್ದು ಮುಖ್ಯವಾಗಿ ತಂತಿ. ಗಿಡಕ್ಕೆ ಲೈನ್ ತಾಗಿದ್ದರೆ ಅಥವಾ ತಂತಿ ಹರಿದು ಬಿದ್ದಿದ್ದರೆ ಅದು ನಿಮ್ಮ ಕೆಲಸವಲ್ಲ. ಕನಿಷ್ಠ 10 ಮೀಟರ್ ದೂರ ನಿಂತು ಹೆಸ್ಕಾಂನ 1912 ಸಂಖ್ಯೆಗೆ ಫೋನ್ ಮಾಡಿ. ‘ಈಗ ಕರೆಂಟ್ ಇಲ್ಲ’ ಎಂಬ ಮಾತು ನಂಬಬೇಡಿ. ಪಂಪ್‌ಸೆಟ್ಟಿನ ಫೀಡರಿಗೆ ಪಾಳಿಯ ಮೇಲೆ ತ್ರೀ ಫೇಸ್ ಬರುತ್ತದೆ. ಈಗ ಸತ್ತಂತಿರುವ ತಂತಿಗೆ ಗಿಡ ಕಡಿಯುವಾಗಲೇ ಜೀವ ಬರಬಹುದು. ಟಿಸಿಯ ಫ್ಯೂಸ್ ನಾವೇ ಕಿತ್ತರಾಯಿತು ಎನ್ನುವವರಿದ್ದಾರೆ. ಟಿಸಿಗೆ ಬರುವ 11 ಕೆ.ವಿ. ತಂತಿಗೆ ಆ ಫ್ಯೂಸಿನ ಲೆಕ್ಕವೇ ಇಲ್ಲ. ಲೈನ್‌ಮನ್ ಬಂದು ಲೈನ್ ಕ್ಲಿಯರ್ ತೆಗೆದುಕೊಂಡು, ತಂತಿಗೆ ಅರ್ಥಿಂಗ್ ಕೊಟ್ಟ ಮೇಲೆಯೇ ಗಿಡದ ಹತ್ತಿರ ಹೋಗಿ. ಸಾವಳಗಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇನ್ನೊಂದು ಮಾತು: ಹರಿದ ಲೈನ್ ಪಡದ ಒಂದು ಮೂಲೆಗೆ ಬಿದ್ದರೂ ಚಪ್ಪರದ ತಂತಿ ಅದನ್ನು ಇನ್ನೊಂದು ಮೂಲೆಗೆ ಮುಟ್ಟಿಸುತ್ತದೆ. ತಂತಿ ಬೇಲಿಯದೂ ಅದೇ ಕಥೆ.

ಲೈನ್ ಹತ್ತಿರದಲ್ಲಿಲ್ಲದಿದ್ದರೆ ಮುಂದಿನ ಪ್ರಶ್ನೆ, ಭಾರ ಎಲ್ಲಿ ನಿಂತಿದೆ ಎಂಬುದು. ಬಿದ್ದ ಗಿಡದ ಬೊಡ್ಡೆ ಎಳೆದ ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. ಎರಡೂ ತುದಿ ಆಸರೆಯ ಮೇಲಿದ್ದು ನಡುವೆ ತೂಗುವ ಬೊಡ್ಡೆಯ ಮೇಲ್ಮೈ ಒತ್ತಿಕೊಂಡಿರುತ್ತದೆ, ಅಡಿ ಎಳೆದುಕೊಂಡಿರುತ್ತದೆ. ಅದನ್ನು ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಒಂದು ತುದಿ ಮಾತ್ರ ಆಸರೆಯಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಕ್ರಮ ತಿರುಗುಮುರುಗು: ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ. ತಪ್ಪಿದರೆ ಗರಗಸ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೊಡ್ಡೆ ಸಿಡಿಯುತ್ತದೆ. ಬೇರು ಸಮೇತ ಕಿತ್ತ ಗಿಡದ ಬೊಡ್ಡೆ ಕತ್ತರಿಸಿದ ಕ್ಷಣಕ್ಕೆ ಬುಡ ಮಣ್ಣಿನ ಗಡ್ಡೆ ಸಮೇತ ತಗ್ಗಿಗೆ ಮರಳಿ ಕೂರಬಹುದು. ಆ ತಗ್ಗಿನಲ್ಲಿ ಯಾರೂ ಇಳಿದಿರಬಾರದು. ಇನ್ನೊಂದು ಗಿಡಕ್ಕೆ ಆತು ನಿಂತದ್ದರ ಕೆಳಗಂತೂ ಹೋಗಲೇಬೇಡಿ. ಆಸರೆ ಕೊಟ್ಟ ಗಿಡವನ್ನು ಕಡಿದರೆ ಎರಡೂ ಒಟ್ಟಿಗೆ ಮೈಮೇಲೆ ಬರುತ್ತವೆ.

ವಾಲಿದ ನೀಲಗಿರಿಯನ್ನು ಬೀಳುವ ಕಡೆಗೆ ಕಚ್ಚು ಹಾಕದೆ ಬರೀ ಹಿಂದಿನಿಂದ ಕೊಯ್ದರೆ ಬೊಡ್ಡೆ ಉದ್ದಕ್ಕೆ ಸೀಳಿ ಹಿಂದಕ್ಕೆ ಚಿಮ್ಮುತ್ತದೆ. ಅಂಥ ಗಿಡಕ್ಕೆ ಅನುಭವಿಗಳೇ ಬೇಕು. ಟ್ರ್ಯಾಕ್ಟರಿನಿಂದ ಎಳೆಯುವುದಾದರೆ ಹಗ್ಗ ಗಿಡದ ಎತ್ತರಕ್ಕಿಂತ ಸಾಕಷ್ಟು ಉದ್ದವಿರಲಿ, ಅದು ಹರಿದರೆ ಬಡಿಯುವ ದಾರಿಯಲ್ಲಿ ಯಾರೂ ನಿಲ್ಲದಿರಲಿ. ನೈಲಾನ್ ಹಗ್ಗ ಹಿಗ್ಗಿ ಹಿಗ್ಗಿ ಹರಿದಾಗ ಚಾಟಿಯಾಗುತ್ತದೆ. ಮಷೀನ್ ಗರಗಸವನ್ನು ಏಣಿಯ ಮೇಲೆ ನಿಂತೋ, ಭುಜಕ್ಕಿಂತ ಮೇಲೆ ಎತ್ತಿಯೋ ನಡೆಸಬಾರದು. ಟೊಂಗೆಯಲ್ಲಿ ಹೆಜ್ಜೇನು ಇದೆಯೇ ಎಂದೂ ಒಮ್ಮೆ ಕತ್ತೆತ್ತಿ ನೋಡಿ, ಮಷೀನಿನ ಸದ್ದಿಗೆ ಅವು ಏಳುತ್ತವೆ. ಮನೆ ಅಥವಾ ಶೆಡ್ಡಿನ ಮೇಲೆ ಒರಗಿದ್ದನ್ನು ಬುಡದಲ್ಲಿ ಕಡಿಯದೆ ತುದಿಯಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಬನಹಟ್ಟಿಯ ನೇಕಾರರ ಓಣಿಯಂಥ ಇಕ್ಕಟ್ಟಿನಲ್ಲಿ ಗಿಡ ಕೆಡವಲು ಜಾಗವೇ ಇರುವುದಿಲ್ಲ. ಅಲ್ಲಿ ನಗರಸಭೆಗೆ ತಿಳಿಸಿ ಕ್ರೇನ್ ತರಿಸುವುದೇ ಸರಿ.

ಕಾನೂನಿನ ಭಯ ಹಲವರಿಗಿದೆ, ಅಷ್ಟು ಹೆದರುವಂಥದ್ದೇನಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ತೆಂಗು, ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿ, ಸಿಲ್ವರ್ ಓಕ್ ಮುಂತಾದವಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಉಳಿದ ಗಿಡಗಳ ಬಗ್ಗೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಗಾಳಿಗೆ ಬಿದ್ದ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಗಿಡವೆಂದು ಅಧಿಕಾರಿಗೆ ಮನವರಿಕೆಯಾದರೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಸರ್ಕಾರಿ ರಸ್ತೆಯಂಚಿನ ಗಿಡ ನಿಮ್ಮ ಹೊಲಕ್ಕೆ ಬಿದ್ದ ಮಾತ್ರಕ್ಕೆ ಅದರ ಕಟ್ಟಿಗೆ ನಿಮ್ಮದಾಗುವುದಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದ ಒಳಗಿನ ಗಿಡವನ್ನಂತೂ ಬಿದ್ದಿದ್ದರೂ ಮುಟ್ಟಬೇಡಿ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ನಡೆಯುತ್ತದೆ. ಶೆಡ್ಡು, ದನ, ಬೆಳೆ ಹಾನಿಯಾಗಿದ್ದರೆ ಕಡಿಯುವ ಮೊದಲೇ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಕಟ್ಟಿಗೆ ಒಡೆದು ಒಟ್ಟಿದ ಮೇಲೆ ಪಂಚನಾಮೆಗೆ ಏನೂ ಉಳಿಯುವುದಿಲ್ಲ.

ಎಲ್ಲವನ್ನೂ ಕಡಿಯಲೇಬೇಕೆಂದಿಲ್ಲ. ಸ್ವಲ್ಪವೇ ವಾಲಿದ ಎಳೆಯ ಲಿಂಬೆ, ಚಿಕ್ಕು ಗಿಡಗಳನ್ನು ಮಣ್ಣು ಹಸಿ ಇರುವಾಗಲೇ ನೆಟ್ಟಗೆ ಮಾಡಿ ಊರುಗೋಲು ಕೊಡಬಹುದು. ಟೊಂಗೆ ಮುರಿದ ಕಡೆ ಗಾಯವನ್ನು ಸಮನಾಗಿ ಕೊಯ್ದು ಬೋರ್ಡೋ ಮುಲಾಮು ಹಚ್ಚಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಬುಡ ಗಟ್ಟಿಯಿರುವ ಬೇವು ಮತ್ತೆ ಚಿಗುರುತ್ತದೆ.

ಬದುವಿನ ಗಿಡ ಬೀಳುವುದಕ್ಕೆ ಗಾಳಿಯ ಜೊತೆ ನಮ್ಮ ಪಾಲೂ ಇದೆ. ಕಬ್ಬು ಕಡಿದ ಮೇಲೆ ರವದಿಗೆ ಹಚ್ಚುವ ಬೆಂಕಿ ವರ್ಷ ವರ್ಷವೂ ಬೊಡ್ಡೆಯ ಒಂದು ಮಗ್ಗುಲನ್ನು ಸುಡುತ್ತದೆ, ಅಲ್ಲಿಂದಲೇ ಪೊಳ್ಳು ಶುರು. ಬದು ಸರಿಮಾಡುವ ಜೆಸಿಬಿ ಒಂದು ಕಡೆಯ ಬೇರನ್ನೆಲ್ಲ ಹರಿದುಹಾಕುತ್ತದೆ. ರವದಿಯನ್ನು ಸುಡದೆ ಸಾಲಿನಲ್ಲೇ ಹೊದಿಸಿ. ಯುಗಾದಿ ಮುಗಿಯುತ್ತಲೇ ಒಮ್ಮೆ ಬದು ಸುತ್ತಿ, ಕೊಡಲಿಯ ಹಿಂಬದಿಯಿಂದ ಬೊಡ್ಡೆಗಳನ್ನು ಬಡಿದು ನೋಡಿ. ಪೊಳ್ಳು ಸದ್ದು ಬಂದ ಗಿಡ ಲೈನಿನ ಹತ್ತಿರವೋ ಶೆಡ್ಡಿನ ಹತ್ತಿರವೋ ಇದ್ದರೆ ಅನುಮತಿ ಪಡೆದು, ಲೈನ್‌ಮನ್‌ಗೆ ಹೇಳಿ, ನೆಲ ಒಣಗಿ ಗಟ್ಟಿಯಿರುವಾಗಲೇ ಇಳಿಸಿಕೊಳ್ಳಿ.